ಪೈಲ್ವಾನನ ತೂಕ

ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ನಾಯಿಯನ್ನು ತೂಗುವ ದಿನ. ಉಣ್ಣಿ, ಚಿಗಟ, ಹೊಟ್ಟೆಹುಳ ಯಾವುದೂ ಹತ್ತಿರ ಸುಳಿಯದಿರಲಿ ಎಂದು ಅವನಿಗೆ ತಿಂಗಳಿಗೊಂದು ಮಾತ್ರೆ. ಆ ಮಾತ್ರೆಯ ಡಬ್ಬಿಗಳು ನಾಯಿಯ ತೂಕಕ್ಕೆ ತಕ್ಕ ಹಾಗೆ ಬೇರೆ ಬೇರೆ. ಐದರಿಂದ ಹತ್ತು ಕಿಲೋದವರಿಗೆ ಹಳದಿ, ಹತ್ತರಿಂದ ಇಪ್ಪತ್ತಕ್ಕೆ ನೀಲಿ. ಬೇರೆ ಮನೆಗಳಲ್ಲಿ ನಾಯಿಯನ್ನು ಕಣ್ಣಳತೆಯಲ್ಲೇ ನೋಡಿ ಡಬ್ಬಿ ತರುತ್ತಾರೇನೋ. ನಮ್ಮದು ಕುಸ್ತಿಯವರ ಮನೆ. ತೂಕದ ಮಾತು ಬಂದರೆ ನಾವು ಕಣ್ಣನ್ನು ನಂಬುವವರಲ್ಲ.

ಕುಸ್ತಿ ಆಡುವವಳು ನನ್ನ ಮಗಳು. ಹದಿನಾರು ವರ್ಷ, ಐವತ್ಮೂರು ಕಿಲೋ ವರ್ಗ. ಅವಳ ಮಾಸ್ಟರ್ ಕೊಟ್ಟ ಗಾಜಿನ ತೂಕದ ಯಂತ್ರ ಬಚ್ಚಲು ಬಾಗಿಲ ಪಕ್ಕದಲ್ಲೇ ಇದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದರ ಮೇಲೆ ನಿಲ್ಲುವಳು, ಅಭ್ಯಾಸ ಮುಗಿಸಿ ಬಂದು ಬೆವರು ಒರೆಸುವ ಮೊದಲು ಇನ್ನೊಮ್ಮೆ. ಪಂದ್ಯ ಹತ್ತಿರ ಬಂದರೆ ನೂರು ಗ್ರಾಂಗೂ ಜಗಳ. "ಅಮ್ಮಾ, ನೀನು ಕೊಟ್ಟ ಆ ಬಾಳೆಹಣ್ಣು ನೋಡು, ಇಲ್ಲೇ ಕೂತಿದೆ" ಎಂದು ಅಂಕಿಯನ್ನು ಬೆರಳಲ್ಲಿ ಕುಟ್ಟಿ ತೋರಿಸುತ್ತಿದ್ದಳು.

ನಾಯಿಗೆ ಪೈಲ್ವಾನ ಎಂದು ಹೆಸರಿಟ್ಟವಳೂ ಅವಳೇ. ಮೈತುಂಬ ಜೊಂಪೆ ಕೂದಲು, ಗಿಡ್ಡ ಕಾಲು. ಗುಡುಗಿದರೆ ಮಂಚದ ಕೆಳಗೆ. ಆ ಪುಟ್ಟ ಯಂತ್ರದ ಮೇಲೆ ನಾಲ್ಕು ಕಾಲನ್ನೂ ಇಟ್ಟು ನಿಲ್ಲುವ ತಾಳ್ಮೆ ಅವನಿಗಿಲ್ಲ. ಅದಕ್ಕೇ ಅವನನ್ನು ತೂಗಲು ಒಂದು ಕ್ರಮ ಮಾಡಿಕೊಂಡಿದ್ದೆವು. ಅವನನ್ನು ಎತ್ತಿಕೊಂಡು ನಾನು ನಿಲ್ಲುವುದು, ಮಗಳು ಬಗ್ಗಿ ಅಂಕಿ ಓದುವುದು, ಅದರಲ್ಲಿ ನನ್ನ ತೂಕ ಕಳೆಯುವುದು. ಅವಳದು ದಿನಕ್ಕೊಂದು ತೂಕವಾದ್ದರಿಂದ ಅವಳು ಎತ್ತಿಕೊಳ್ಳುತ್ತಿರಲಿಲ್ಲ. ನನ್ನದು ಐವತ್ತೇಳೂವರೆ. ಅವಳಪ್ಪ ತೀರಿಕೊಂಡು ಏಳು ವರ್ಷ; ಅವರಿದ್ದಾಗಲೂ ಅಷ್ಟೇ, ಆಮೇಲೂ ಅಷ್ಟೇ. "ಸೂರ್ಯ ಬೇಕಾದ್ರೆ ಒಂದಿನ ತಡವಾಗಿ ಹುಟ್ಲಿ, ನಮ್ಮಮ್ಮನ ಐವತ್ತೇಳೂವರೆ ಮಾತ್ರ ಅಲ್ಲಾಡಲ್ಲ" ಎಂದು ಅವಳು ಗೆಳತಿಯರ ಮುಂದೆ ಹಾಸ್ಯ ಮಾಡುತ್ತಿದ್ದಳು. ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದೂ ಇಟ್ಟಿದ್ದಳು.

ನಾಲ್ಕು ತಿಂಗಳ ಹಿಂದೆ ಅವಳಿಗೆ ದೂರದ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಇನ್ನೂರು ಹುಡುಗಿಯರಲ್ಲಿ ಹನ್ನೆರಡು ಜನರನ್ನು ಆರಿಸಿದ್ದರು. ಅಲ್ಲಿಯ ನಿಯಮ ಕಟ್ಟುನಿಟ್ಟು. ಮೊದಲ ಆರು ತಿಂಗಳು ಯಾರನ್ನೂ ಮನೆಗೆ ಕಳಿಸುವುದಿಲ್ಲ. ನಡುವೆ ಹೊರಟರೆ ಜಾಗ ಮುಂದಿನವರಿಗೆ. ಫೋನು ಭಾನುವಾರ ನಾಲ್ಕು ಗಂಟೆಗೆ, ಹತ್ತೇ ನಿಮಿಷ. ಬಸ್ಸು ಹತ್ತುವಾಗ ಅವಳು ಅಳಲಿಲ್ಲ. ಪೈಲ್ವಾನನ ಎರಡು ಕಿವಿ ಹಿಡಿದು, "ಅಮ್ಮನ್ನ ನೋಡ್ಕೊ" ಎಂದಳು. ನನ್ನ ಕಡೆ ತಿರುಗಿ, "ಮಾತ್ರೆ ಮರೀಬೇಡ, ತೂಕ ತಪ್ಪಿಸಬೇಡ" ಎಂದಳು.

ಮರೆಯಲಿಲ್ಲ. ಮರೆಯಲು ಬೇರೆ ಏನು ಕೆಲಸವಿತ್ತು ನನಗೆ. ಬೆಳಿಗ್ಗೆ ಒಂಬತ್ತರಿಂದ ಆರರ ತನಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಅಂಚು ಸರಿಮಾಡಿ, ಚೌಕಟ್ಟಿಗೆ ಕೂರಿಸುವ ಕೆಲಸ. ಹಿಂದಿನ ಕೋಣೆಯಲ್ಲಿ ನಾನು, ಉಜ್ಜುವ ಯಂತ್ರ, ಒಂದು ದೀಪ. ಸಂಜೆ ಬಂದು ಬೀಗ ತೆಗೆದರೆ ಪೈಲ್ವಾನ ಬಾಲ ಆಡಿಸಿ, ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದ. ಹಿಂದೆ ಯಾರೂ ಇಲ್ಲವೆಂದು ತಿಳಿದ ಮೇಲೆ ಬಾಲ ನಿಧಾನವಾಗಿ ನಿಲ್ಲುತ್ತಿತ್ತು. ನನಗೇನೂ ಬೇಸರವಾಗುತ್ತಿರಲಿಲ್ಲ. ನಾನೂ ಬೀಗ ತೆಗೆಯುವಾಗ ಒಳಗಿನಿಂದ ಏನಾದರೂ ಸದ್ದು ಬರುತ್ತದೆಯೇ ಎಂದು ಒಂದು ಗಳಿಗೆ ನಿಲ್ಲುತ್ತಿದ್ದವಳೇ.

ಒಬ್ಬಳಿಗಾಗಿ ಅಡುಗೆ ಮಾಡುವುದು ನನಗೆ ಗೊತ್ತಿರಲಿಲ್ಲ. ಅಳತೆ ಸಿಗುತ್ತಿರಲಿಲ್ಲ. ಮೊದಲ ವಾರ ಇಬ್ಬರಿಗಾಗುವಷ್ಟು ಅನ್ನ ಮಾಡಿ, ಮಾರನೆಯ ದಿನ ಅದನ್ನೇ ತಿಂದೆ, ಅದರ ಮಾರನೆಯ ದಿನ ಚೆಲ್ಲಿದೆ. ಆಮೇಲೆ ಎರಡು ದಿನಕ್ಕೊಮ್ಮೆ ಮಾಡಿದೆ. ಆಮೇಲೆ ಬ್ರೆಡ್ಡು, ಚಹಾ. ಅಡುಗೆಮನೆಯ ಕಿಟಕಿಯ ಪಕ್ಕ ನಿಂತೇ ತಿಂದುಬಿಟ್ಟರೆ ತಟ್ಟೆಯೂ ಬೇಡ, ಮೇಜು ಒರೆಸುವುದೂ ಬೇಡ.

ಎರಡನೇ ತಿಂಗಳ ಮೊದಲ ಭಾನುವಾರ ಪೈಲ್ವಾನನನ್ನು ಹೆಗಲಿಗೆ ಹಾಕಿಕೊಂಡು ಯಂತ್ರದ ಮೇಲೆ ನಿಂತೆ. ಅವನ ಬಾಲದ ಸಂದಿಯಿಂದ ಬಗ್ಗಿ ನೋಡಿದರೆ ಅರವತ್ತೆಂಟು ಪಾಯಿಂಟ್ ಆರು. ನಾಲ್ಕಕ್ಕೆ ಫೋನು ಬಂತು.

"ಎಷ್ಟು?" ಎಂದಳು ಮಗಳು. ಹೇಗಿದ್ದೀಯ ಎನ್ನುವ ಮೊದಲು ನಮ್ಮಲ್ಲಿ ಎಷ್ಟು ಎಂದೇ ಕೇಳುವುದು.

"ಅರವತ್ತೆಂಟು ಪಾಯಿಂಟ್ ಆರು."

"ಅದರಲ್ಲಿ ನಿನ್ನ ಐವತ್ತೇಳೂವರೆ ಹೋದ್ರೆ... ಹನ್ನೊಂದು ಪಾಯಿಂಟ್ ಒಂದು. ಅಮ್ಮಾ, ಹೋದ ತಿಂಗಳು ಹನ್ನೆರಡು ಪಾಯಿಂಟ್ ನಾಲ್ಕಿದ್ದ! ಊಟ ಹಾಕ್ತಿದ್ದೀಯೋ ಇಲ್ವೋ?"

"ಹಾಕ್ದೇ ಇರ್ತೀನಾ? ನಿನಗಿಂತ ಚೆನ್ನಾಗಿ ತಿಂತಾನೆ."

"ನನ್ನ ನೆನೆಸ್ಕೊಂಡು ಕೊರಗ್ತಿದಾನೆ ಪಾಪ" ಎಂದಳು. ದನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತು. ಆಮೇಲೆ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದೆ. ಮಾತ್ರೆಯನ್ನು ನಾಲಿಗೆಯ ಹಿಂದಕ್ಕಿಟ್ಟು ಬಾಯಿ ಮುಚ್ಚಿದರೆ ನನ್ನ ಕೈಯಲ್ಲಿ ಎಂದೂ ನುಂಗದವನು, ಅವಳು ಅತ್ತ ಕಡೆಯಿಂದ "ಪೈಲ್ವಾನ್, ನುಂಗೋ!" ಎಂದು ಗದರಿಸಿದ ಕೂಡಲೇ ಗುಟುಕ್ಕೆಂದು ನುಂಗಿದ. ಹತ್ತು ನಿಮಿಷದಲ್ಲಿ ಏಳು ಹೀಗೆ ಅವನದಾಯಿತು, ಎರಡು ಅವಳ ಮೊಣಕಾಲು ನೋವಿನದು.

"ನೀನು ಚೆನ್ನಾಗಿದ್ದೀಯ ತಾನೆ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ."

ಅಷ್ಟರಲ್ಲಿ ಹಾಸ್ಟೆಲಿನಲ್ಲಿ ಹತ್ತು ನಿಮಿಷ ಮುಗಿದ ಗಂಟೆ ಹೊಡೆಯಿತು.

ಅವನು ಇಳಿಯುತ್ತಿದ್ದಾನೆ ಎಂದು ತಿಳಿದ ಮೇಲೆ ನಾನು ಸುಮ್ಮನಿರುವುದಾದರೂ ಹೇಗೆ. ಬೆಳಿಗ್ಗೆ ನನಗೆಂದು ಬೇಯಿಸುತ್ತಿದ್ದ ಮೊಟ್ಟೆಯನ್ನು ಅವನಿಗೆ ಹಾಕತೊಡಗಿದೆ. ರಾತ್ರಿಯ ಹಾಲೂ ಅವನಿಗೇ. ಅವನು ಎರಡನ್ನೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸಿ, ಬಟ್ಟಲನ್ನು ಗೋಡೆಯ ತನಕ ತಳ್ಳಿಕೊಂಡು ಹೋಗಿ ನೆಕ್ಕುತ್ತಿದ್ದ. ಆದರೂ ಮೂರನೇ ತಿಂಗಳು ಯಂತ್ರ ಅರವತ್ತಾರು ಪಾಯಿಂಟ್ ಒಂಬತ್ತು ಎಂದಿತು. ಮಗಳು ಲೆಕ್ಕ ಹಾಕಿದಳು.

"ಒಂಬತ್ತು ಪಾಯಿಂಟ್ ನಾಲ್ಕು. ಒಂದು ವರ್ಗ ಇಳಿದುಬಿಟ್ಟ ಅಮ್ಮಾ. ಇನ್ನು ನೀಲಿ ಕೊಡಬೇಡ, ಜಾಸ್ತಿ ಆಗುತ್ತೆ. ಹಳದಿ ತಗೊ."

"ನೋಡೋಕೆ ಹಾಗೇ ಇದಾನೆ ಮರಿ."

"ಅದು ಕೂದಲು. ಕೂದಲನ್ನ ನಂಬ್ತೀಯೋ, ಯಂತ್ರ ನಂಬ್ತೀಯೋ?"

ಯಂತ್ರವನ್ನೇ ನಂಬಿದೆ. ಔಷಧಿ ಅಂಗಡಿಯವನು ಹಳದಿ ಡಬ್ಬಿ ತೆಗೆದುಕೊಡುತ್ತಾ, "ನಾಯಿ ಬದಲಾಯಿಸಿದ್ರಾ?" ಎಂದ. ಅದೇ ನಾಯಿ, ಸ್ವಲ್ಪ ಇಳಿದಿದೆ ಎಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ಚಿಲ್ಲರೆ ಎಣಿಸಿದ.

ಆ ತಿಂಗಳು ನನ್ನ ಕನ್ನಡಕ ಮೂಗಿನಿಂದ ಜಾರತೊಡಗಿತು. ಗಾಜು ಉಜ್ಜಲು ಬಗ್ಗಿದರೆ ಕೈಗೇ ಬೀಳುತ್ತಿತ್ತು. ಅಂಗಡಿಯ ಯಜಮಾನರು, "ಊರಿಗೆಲ್ಲ ಕನ್ನಡಕ ಸರಿಮಾಡ್ತೀಯ, ನಿನ್ನದನ್ನ ಯಾರು ಮಾಡ್ಬೇಕಮ್ಮಾ?" ಎಂದರು. ಹಳೆಯ ಚೌಕಟ್ಟು, ಹಿಗ್ಗಿದೆ ಎಂದುಕೊಂಡು ಅದರ ಕಾಲುಗಳನ್ನು ಇಕ್ಕಳದಲ್ಲಿ ಒಳಕ್ಕೆ ಬಗ್ಗಿಸಿಕೊಂಡೆ. ಎರಡು ವಾರ ಬಿಟ್ಟು ಮತ್ತೆ ಬಗ್ಗಿಸಿದೆ.

ನಾಲ್ಕನೇ ತಿಂಗಳ ಮೊದಲ ಭಾನುವಾರ ಅರವತ್ತಾರು ಪಾಯಿಂಟ್ ಒಂದು. ಲೆಕ್ಕ ನಾನೇ ಹಾಕಿಕೊಂಡಿದ್ದೆ. ಎಂಟು ಪಾಯಿಂಟ್ ಆರು. ಅದೂ ಅಲ್ಲದೆ ಅವನು ಎರಡು ದಿನದಿಂದ ಮೂಲೆ ಬಿಟ್ಟು ಎದ್ದಿರಲಿಲ್ಲ. ಮೊಟ್ಟೆ ಮುಟ್ಟಿರಲಿಲ್ಲ. ಮೂಗು ಮುಟ್ಟಿದರೆ ಬಿಸಿ. ಫೋನು ಬಂದಾಗ ಎಲ್ಲವನ್ನೂ ಹೇಳಿದೆ. ಮಗಳು "ನುಂಗೋ" ಎಂದು ಗದರಿಸಿದರೂ ಮಾತ್ರೆ ಎರಡು ಸಲ ಹೊರಗೆ ಬಂತು. ಮೂರನೆಯ ಸಲ ನುಂಗಿದ, ನುಂಗಿ ಹಾಗೇ ಮಲಗಿದ.

"ನಾನು ಬರ್ತೀನಿ" ಎಂದಳು.

ನಾನು ಪೈಲ್ವಾನನ ಬೆನ್ನು ಸವರುತ್ತಿದ್ದೆ.

"ಕೇಳಿಸ್ತಾ ಅಮ್ಮಾ? ಬರ್ತೀನಿ. ಜಾಗ ಹೋದ್ರೆ ಹೋಗಲಿ. ಅವನು ಸತ್ತುಹೋದ್ಮೇಲೆ ನಾನು ಗೆದ್ದು ಏನು ಮಾಡ್ಲಿ? ಒಂದು ಹೊತ್ತು ನನ್ನ ಮುಖ ನೋಡಿದ್ರೆ ಅವನು ಊಟ ಮಾಡ್ತಾನೆ."

ಬೇಡ ಎನ್ನಬೇಕಿತ್ತು. ಅವಳು ಹತ್ತು ವರ್ಷದವಳಿದ್ದಾಗಿನಿಂದ ಮಣ್ಣಲ್ಲಿ ಬಿದ್ದು ಎದ್ದು ಗಳಿಸಿದ ಜಾಗ ಅದು. ಆದರೆ ನಾಲಿಗೆಯ ತುದಿಗೆ ಬಂದದ್ದು 'ಬಾ' ಎನ್ನುವ ಮಾತು. ನಾಯಿಯ ನೆಪ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ನಾಳೆ ಸಂಜೆ ಬೀಗ ತೆಗೆದರೆ ಒಳಗೆ ಅವಳಿರುತ್ತಾಳೆ, ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆದಿರುತ್ತಾಳೆ, ನಾನು ಬೈಯುತ್ತೇನೆ. ಇಷ್ಟು ಕಣ್ಣ ಮುಂದೆ ಬಂದುಹೋಯಿತು.

"ಮೊದಲು ಡಾಕ್ಟರಿಗೆ ತೋರಿಸ್ತೀನಿ" ಎಂದೆ. "ಮುಂದಿನ ಭಾನುವಾರದ ತನಕ ತಡಿ."

"ಮುಂದಿನ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. ತೂಕ ಏರಿಲ್ಲ ಅಂದ್ರೆ ಚೀಲ ಕಟ್ಟೋದೇ. ಐದೂವರೆಗೆ ಬಸ್ಸಿದೆ."

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಅವನನ್ನು ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಎರಡು ಸಲ ಕೂತು ಸುಧಾರಿಸಿಕೊಳ್ಳಬೇಕಾಯಿತು. ಎಂಟೂವರೆ ಕಿಲೋ ನಾಯಿ ಇಷ್ಟು ಭಾರ ಯಾಕೆ ಎಂದು ನನಗೇ ಆಶ್ಚರ್ಯ.

ಮೇಜಿನ ಹಿಂದೆ ಕಾಂಪೌಂಡರ್, ನೆರೆತ ಮೀಸೆಯವರು. "ಹೆಸರು?" ಎಂದರು.

"ಪೈಲ್ವಾನ್."

"ನಾಯಿ ಹೆಸರು ಕೇಳಿದ್ದಮ್ಮಾ."

"ನಾಯಿದೇ."

ಅವರು ಟವೆಲ್ ಸರಿಸಿ ನೋಡಿದರು. "ಕೂತಲ್ಲೇ ನಡುಗ್ತಿದಾನೆ, ಯಾವ ಸೀಮೆ ಪೈಲ್ವಾನನೋ ನೀನು! ತೂಕ ಗೊತ್ತಾ?"

"ಎಂಟು ಪಾಯಿಂಟ್ ಆರು."

ಕಾಂಪೌಂಡರ್ ಅವನನ್ನು ಎತ್ತಿದರು, ಎತ್ತಿದವರು ನನ್ನ ಕಡೆ ನೋಡಿದರು. "ಇಪ್ಪತ್ತೈದು ವರ್ಷದಿಂದ ಈ ಕೈ ನಾಯಿ ಎತ್ತಿದೆ. ಇದು ಎಂಟಾದ್ರೆ ನಾನು ಮದುಮಗ."

ಒಳಗೆ ನೆಲಕ್ಕೆ ಸಮವಾಗಿ ಅಗಲವಾದ ತೂಕದ ಹಲಗೆ ಇತ್ತು. ಪೈಲ್ವಾನ ಅದರ ಮೇಲೆ ಚಾಪೆಯ ಹಾಗೆ ಮಲಗಿದ. ಹದಿಮೂರು ಪಾಯಿಂಟ್ ಎರಡು.

"ನಿಮ್ಮ ಯಂತ್ರ ಸರಿ ಇಲ್ಲ" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಖಂಡಿತವಾಗಿ ಹಾಗೇ ಅಂದುಕೊಂಡಿದ್ದೆ.

ಡಾಕ್ಟರು ಮೂವತ್ತು ದಾಟದ ಹುಡುಗಿ. ಅವನ ಕಿವಿ ಮಗುಚಿ ನೋಡುತ್ತಿದ್ದವರು ತಲೆ ಎತ್ತದೆಯೇ, "ಮನೇಲಿ ಹೇಗೆ ತೂಗ್ತೀರಿ?" ಎಂದರು. ಹೇಳಿದೆ. ಎತ್ತಿಕೊಂಡು ನಿಲ್ಲುವುದು, ಐವತ್ತೇಳೂವರೆ ಕಳೆಯುವುದು, ಮೊದಲ ತಿಂಗಳು ಹನ್ನೆರಡು ಪಾಯಿಂಟ್ ನಾಲ್ಕು ಇದ್ದದ್ದು. ಕಿವಿಯ ಸಂದಿಯಿಂದ ಒಂದು, ಬೆರಳುಗಳ ಮಧ್ಯದಿಂದ ಎರಡು ಉಣ್ಣಿಯನ್ನು ಚಿಮುಟದಲ್ಲಿ ತೆಗೆದು ಬಟ್ಟಲಿಗೆ ಹಾಕಿದರು.

"ನಿಮ್ಮನ್ನ ನೀವು ಒಬ್ಬರೇ ತೂಗಿಕೊಂಡಿದ್ದು ಯಾವಾಗ?"

"ನನ್ನದು ಐವತ್ತೇಳೂವರೆ ಅಲ್ವಾ."

"ಎಷ್ಟು ಅಂತಲ್ಲ. ಯಾವಾಗ ಅಂತ ಕೇಳ್ದೆ."

ಕಾಂಪೌಂಡರ್ ಪೈಲ್ವಾನನನ್ನು ಎತ್ತಿಕೊಂಡು, ಹಲಗೆಯ ಕಡೆ ಗಲ್ಲ ತೋರಿಸಿದರು. ಚಪ್ಪಲಿ ಬಿಟ್ಟು ನಿಂತೆ. ಕೈ ಖಾಲಿಯಿದ್ದುದರಿಂದ ಎಲ್ಲಿಡುವುದೆಂದು ತಿಳಿಯಲಿಲ್ಲ. ಐವತ್ತೆರಡು ಪಾಯಿಂಟ್ ಒಂಬತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ.

"ನಾಯಿ ಇಳಿದಿಲ್ಲಮ್ಮಾ" ಎಂದರು ಕಾಂಪೌಂಡರ್, ಈಗ ಹಾಸ್ಯವಿಲ್ಲದೆ. "ಮುಕ್ಕಾಲು ಕಿಲೋ ಏರಿದೆ. ಇಳಿದಿರೋದು ನೀವು."

ರಕ್ತ ತೆಗೆದು ನೋಡಿದರು. ಉಣ್ಣಿ ಜ್ವರ. ಬೇಗ ಬಂದಿದ್ದರಿಂದ ಭಯವಿಲ್ಲ, ಮೂರು ವಾರ ಔಷಧಿ ಎಂದರು. ಹದಿಮೂರು ಕಿಲೋ ನಾಯಿಗೆ ಹಳದಿ ಡಬ್ಬಿಯ ಮಾತ್ರೆ ಸಾಲದಂತೆ. "ಮೋಟು ಕಂಬಳಿ ಹೊದ್ದ ಹಾಗೆ. ತಲೆ ಮುಚ್ಚಿದ್ರೆ ಕಾಲು ಹೊರಗೆ" ಎಂದರು ಕಾಂಪೌಂಡರ್. ಡಾಕ್ಟರು ಅವನ ಊಟದ ವಿವರ ಕೇಳಿದರು. ಬೆಳಿಗ್ಗೆ ಏಳಕ್ಕೆ ಮೊಟ್ಟೆ, ಎಂಟೂವರೆಗೆ ಅವನ ಒಣ ಆಹಾರ ಒಂದು ಲೋಟ, ಸಂಜೆ ಆರೂವರೆಗೆ ಇನ್ನೊಂದು ಲೋಟ, ಎಂಟಕ್ಕೆ ಹಾಲು ಎಂದು ಗಂಟೆ ಸಮೇತ ಒಪ್ಪಿಸಿದೆ.

"ಮತ್ತೆ ನೀವು? ನಿನ್ನೆ ಏನು ತಿಂದ್ರಿ?"

ಯೋಚಿಸಿದೆ. ಚಹಾ ಕುಡಿದದ್ದು ನೆನಪಿತ್ತು. ಅದು ನಿನ್ನೆಯೋ ಮೊನ್ನೆಯೋ.

"ನಾನು ಮನುಷ್ಯರಿಗೆ ಔಷಧಿ ಬರೆಯೋ ಹಾಗಿಲ್ಲ" ಎಂದರು ಡಾಕ್ಟರು. ನನ್ನ ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು ಅಷ್ಟೆ. ನನ್ನ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ನಿಮ್ಮನ್ನೂ ಯಾರಿಗಾದ್ರೂ ತೋರಿಸ್ಕೊಳ್ಳಿ."

ನಾಲ್ಕನೇ ದಿನಕ್ಕೆ ಪೈಲ್ವಾನ ಎದ್ದು ನೀರು ಕುಡಿದ. ಐದನೇ ದಿನ ಬಟ್ಟಲನ್ನು ಗೋಡೆಯ ತನಕ ತಳ್ಳಿದ. ನನಗೆ ಮಾತ್ರ ಭಾನುವಾರದ ಯೋಚನೆ. ಎಂಟು ಪಾಯಿಂಟ್ ಆರು ಎಂದರೆ ಮಗಳು ಬರುತ್ತಾಳೆ. ನಿಜ ಹೇಳಿ ಐವತ್ತೆರಡು ಪಾಯಿಂಟ್ ಒಂಬತ್ತು ಎಂದರೂ ಬರುತ್ತಾಳೆ, ಇನ್ನೂ ಬೇಗ ಬರುತ್ತಾಳೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾ ಈ ಎರಡು ಅಂಕಿಯನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದೆ. ಎರಡೂ ಸಿಹಿಯಾಗಿದ್ದವು. ಶನಿವಾರ ಒಂದು ಗಾಜಿನ ಅಂಚು ಒಡೆದೆ. ಹನ್ನೊಂದು ವರ್ಷದಲ್ಲಿ ಒಡೆದದ್ದು ಅದು ಮೂರನೆಯದು.

ಭಾನುವಾರ ನಾಲ್ಕಕ್ಕೆ ಮೊದಲ ಸದ್ದಿಗೇ ಫೋನು ಎತ್ತಿದೆ.

"ಎಷ್ಟು?"

"ಹದಿಮೂರು ಪಾಯಿಂಟ್ ಎರಡು. ಉಣ್ಣಿ ಜ್ವರ ಬಂದಿತ್ತು, ಇಳಿದಿದೆ. ಈಗ ನನ್ನ ಚಪ್ಪಲಿ ಕಚ್ತಿದಾನೆ."

"ಹದಿಮೂರಾ? ಒಂದು ವಾರದಲ್ಲಿ ನಾಲ್ಕೂವರೆ ಕಿಲೋ ಹೇಗೆ ಏರ್ತಾನೆ? ಆನೆ ಮರಿನಾ?"

"ನಮ್ಮ ಯಂತ್ರ ಕೆಟ್ಟಿತ್ತು ಮರಿ."

"ಅದು ಕೆಡಲ್ಲ."

"ಗಾಜಿನ ಸಾಮಾನು, ಕೆಡದೇ ಇರುತ್ತಾ?"

"ಕೆಟ್ಟರೆ ಸೊನ್ನೆ ತೋರಿಸುತ್ತೆ, ಇಲ್ಲಾ ಏನೇನೋ ತೋರಿಸುತ್ತೆ. ಹೀಗೆ ತಿಂಗಳು ತಿಂಗಳು ಅಚ್ಚುಕಟ್ಟಾಗಿ ಇಳಿಯಲ್ಲ. ಅಮ್ಮಾ, ಸುಳ್ಳು ಹೇಳೋಕೆ ಬರಲ್ಲ ನಿನಗೆ, ಯಾಕೆ ಹೇಳ್ತೀ..." ಎಂದವಳು ಅಲ್ಲಿಗೇ ನಿಂತಳು. ಅವಳ ಹಿಂದೆ ಹುಡುಗಿಯರು ಯಾರೋ ನಗುತ್ತಾ ಓಡಿಹೋದರು. ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಚಿಕ್ಕಂದಿನಿಂದಲೂ ಲೆಕ್ಕ ಹಾಕುವಾಗ ಮೂಗಿನಲ್ಲಿ ಉಸಿರು ಬಿಡುತ್ತಾಳೆ.

"ಅರವತ್ತಾರು ಪಾಯಿಂಟ್ ಒಂದರಲ್ಲಿ ಹದಿಮೂರು ಪಾಯಿಂಟ್ ಎರಡು ಹೋದ್ರೆ..."

ನಾನು ಜಾರುವ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡೆ.

"ಅಮ್ಮಾ. ನೀನೀಗ ಎಷ್ಟು?"

ನಾಲ್ಕು ತಿಂಗಳಲ್ಲಿ ಅವಳು ನನ್ನದನ್ನು ಕೇಳಿದ್ದು ಅದೇ ಮೊದಲು. ಅವಳ ತಪ್ಪಲ್ಲ. ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ.

"ಐವತ್ತೆರಡು ಪಾಯಿಂಟ್ ಒಂಬತ್ತು" ಎಂದೆ.

"ಅದು ನನ್ನ ವರ್ಗ ಕಣಮ್ಮಾ" ಎಂದಳು. ನಕ್ಕಳೆಂದುಕೊಂಡೆ, ನಗುವಲ್ಲ ಅದು. "ನಾನು ಬಂದುಬಿಡ್ತೀನಿ. ಐದೂವರೆ ಬಸ್ಸಿಗೇ."

ಪೈಲ್ವಾನ ಅವಳ ದನಿ ಕೇಳಿ ಚಪ್ಪಲಿ ಬಿಟ್ಟು ಬಂದು ನನ್ನ ಮೊಣಕಾಲಿಗೆ ಮೂಗು ಒತ್ತಿದ. ಒಂದು ಕ್ಷಣ ಬಿಟ್ಟಿದ್ದರೆ ನಾನು ಬಾ ಎಂದುಬಿಡುತ್ತಿದ್ದೆ.

"ಬಂದ್ರೆ ಬಾಗಿಲು ತೆಗೆಯಲ್ಲ" ಎಂದೆ.

"ಅಮ್ಮಾ!"

"ನಿಜವಾಗ್ಲೂ ತೆಗೆಯಲ್ಲ. ನೀನು ಬಾಗಿಲಲ್ಲಿ ಕೂತ್ಕೊ, ನಿನ್ನ ನಾಯಿ ಒಳಗೆ ಕೂತ್ಕೊಳ್ಳಲಿ. ನನಗೆ ಕಾಯಿಲೆ ಇಲ್ಲ. ಊಟ ಮಾಡ್ತಿರಲಿಲ್ಲ, ಅಷ್ಟೆ. ಮಾಡ್ತೀನಿ."

"ಯಾಕೆ ಮಾಡ್ತಿರಲಿಲ್ಲ?"

ಈ ಪ್ರಶ್ನೆಗೆ ಸುಳ್ಳು ತಯಾರಿರಲಿಲ್ಲ. "ಯಾರೂ ಇಲ್ಲವಲ್ಲ ಮರಿ" ಎಂದೆ.

ಅವಳು ಮೂಗೊರೆಸಿಕೊಂಡದ್ದು ಕೇಳಿಸಿತು.

"ಇನ್ಮೇಲೆ ಮೊದಲು ನಿನ್ನ ತೂಕ ಹೇಳು, ಆಮೇಲೆ ಅವನದು. ಪ್ರತಿ ಭಾನುವಾರ. ಒಂದು ತಿಂಗಳಲ್ಲಿ ಎರಡು ಕಿಲೋ ಏರದಿದ್ರೆ ನಿನ್ನ ಮಾತು ಕೇಳಲ್ಲ."

"ಆಯ್ತು ಮಾಸ್ಟರ್."

"ತಮಾಷೆ ಅಲ್ಲ. ಡಾಕ್ಟರಿಗೂ ತೋರಿಸ್ಕೊ. ಇವತ್ತು ಏನು ಮಾಡ್ತೀಯ ಊಟಕ್ಕೆ?"

"ಅನ್ನ ಮಾಡ್ತೀನಿ."

"ಎಷ್ಟು?"

ಗಂಟೆ ಹೊಡೆಯಿತು. ಎಷ್ಟು ಎಂದು ಹೇಳುವ ಮೊದಲೇ ಫೋನು ಕಟ್ಟಾಯಿತು.

ಅವಳ ದನಿ ನಿಂತ ಕೂಡಲೇ ಪೈಲ್ವಾನ ಹೋಗಿ ಮುಂಬಾಗಿಲ ಹತ್ತಿರ ಕೂತ, ಬಾಗಿಲಿನ ಕೆಳಗಿನ ಸಂದಿಗೆ ಮೂಗಿಟ್ಟು. ಗಡಿಯಾರ ನೋಡಿದೆ. ನಾಲ್ಕು ಹತ್ತು. ಐದೂವರೆಯ ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು.

"ಬರಲ್ಲ ಕಣೋ" ಎಂದೆ. "ನಾನೇ ಬೇಡ ಅಂದೆ."

ಅವನು ಕಿವಿಯನ್ನಷ್ಟೇ ನನ್ನ ಕಡೆ ತಿರುಗಿಸಿದ. ನಾನು ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಉರಿ ಸಣ್ಣ ಮಾಡಿ ಬಂದೆ. ಅನ್ನವಾಗಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ನಾನೂ ಅವನ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತೆ.